ಪ್ರಿಂಟ್ ಜಾಬ್ ತಡೆಯಬೇಡಿ, ಹೋಲ್ಡ್‌ಗೆ ಹಾಕಿ: ಪ್ರಿಂಟರ್ ಭದ್ರತೆಗೆ ಎಐ ಬಳಸಿದ ನನ್ನ ಅನುಭವ

ಪ್ರಿಂಟ್ ಲಾಗ್ (ಯಾರು, ಯಾವಾಗ, ಎಷ್ಟು ಮುದ್ರಿಸಿದರು ಎಂಬ ದಾಖಲೆ) ಪುಟ ಎಣಿಸಿ ಲೆಕ್ಕ ಕೊಡಲಿಕ್ಕೆ ಮಾತ್ರ ಲಾಯಕ್ಕು, ಅದರಿಂದ ಗುಟ್ಟಿನ ದಾಖಲೆಗಳ ಸೋರಿಕೆ ಹಿಡಿಯಲಿಕ್ಕಾಗದು ಅಂತ ಹೇಳಿದವರೇ ಹೆಚ್ಚು. ದಾಖಲೆಯ ಒಳಗಿನ ಪಠ್ಯವನ್ನೇ ದೊಡ್ಡ ಮಾಡೆಲ್‌ಗೆ ಓದಿಸಬೇಕು ಎಂಬುದು ಅವರ ವಾದವಾಗಿತ್ತು. ನಮ್ಮ ಕಚೇರಿಯಲ್ಲಿ 14 ಪ್ರಿಂಟರ್, ಅವುಗಳಲ್ಲಿ 9 ಎಂಎಫ್‌ಪಿ (ಮುದ್ರಣ, ಸ್ಕ್ಯಾನ್, ಜೆರಾಕ್ಸ್ ಮೂರೂ ಮಾಡುವ ಯಂತ್ರ), ಸುಮಾರು 180 ಬಳಕೆದಾರರು, ತಿಂಗಳಿಗೆ 30 ಸಾವಿರದ ಆಸುಪಾಸು ಪುಟ. ಈ ಸೆಟಪ್‌ನಲ್ಲಿ ಹತ್ತು ತಿಂಗಳಿಂದ ಓಡುತ್ತಿರುವುದು ಲಾಗ್ ಮೇಲೆ ಕಲಿತ ಸಣ್ಣ ಮಾಡೆಲ್. ದಿನಕ್ಕೆ ಐದು ಜಾಬ್ (ಒಮ್ಮೆ ಮುದ್ರಿಸಲು ಕಳಿಸಿದ ಕೆಲಸ) ಮಾತ್ರ ಪರಿಶೀಲನೆಗೆ ಬರುತ್ತವೆ. ವಾರಕ್ಕೆ ಒಂದೆರಡು ನಿಜಕ್ಕೂ ವಿಚಾರಿಸಬೇಕಾದವು. ಪಠ್ಯ ಓದುವ ದಾರಿಯಲ್ಲಿ ಇದರ ಹತ್ತಿರಕ್ಕೂ ಬರಲಾಗಿರಲಿಲ್ಲ. ಹಾಗಾಗಿ ಯಾವುದು ಕೆಲಸ ಮಾಡಿತು, ಯಾವುದಕ್ಕೆ ದುಡ್ಡು ಸುರಿದದ್ದು ದಂಡವಾಯಿತು ಎಂಬುದನ್ನು ಬರೆದಿಡುತ್ತಿದ್ದೇನೆ. ವಿಎಲ್‌ಎಎನ್ (ನೆಟ್‌ವರ್ಕನ್ನು ಬೇರೆ ಬೇರೆ ಭಾಗ ಮಾಡುವ ವಿಧಾನ), ಎಸ್‌ಎನ್‌ಎಂಪಿ (ನೆಟ್‌ವರ್ಕ್ ಯಂತ್ರಗಳ ಸ್ಥಿತಿ ಕೇಳಿ ತಿಳಿಯುವ ವಿಧಾನ), ಕಪ್ಸ್ (ಲಿನಕ್ಸ್‌ನ ಮುದ್ರಣ ವ್ಯವಸ್ಥೆ) ಗೊತ್ತಿರುವವರಿಗಾಗಿ ಇದು. ಅಂಕಿಗಳು ನೆನಪಿನಿಂದ ಬರೆದವು, ಆಚೀಚೆ ಇರಬಹುದು.

ಮೊದಲು ಎಲ್ಲ ಜಾಬ್‌ಗಳೂ ಒಂದೇ ಬಾಗಿಲಿನಿಂದ ಹೋಗುವಂತೆ ಮಾಡಬೇಕು. ಇದನ್ನು ಬಿಟ್ಟು ಮಾಡೆಲ್‌ಗೆ ಕೈ ಹಾಕಿದರೆ ಆರು ವಾರದ ಶ್ರಮ ನೀರಲ್ಲಿ ಹೋಮ ಮಾಡಿದಂತೆ. ಇಲ್ಲಿ ಆದದ್ದೂ ಅದೇ. ಪ್ರತಿ ಪ್ರಿಂಟರ್‌ನ ಒಟ್ಟು ಪುಟ ಎಣಿಕೆಯನ್ನು ಎಸ್‌ಎನ್‌ಎಂಪಿಯಲ್ಲಿ 1.3.6.1.2.1.43.10.2.1.4.1.1 ಎಂಬ ಒಐಡಿಯಿಂದ (ಆ ಎಣಿಕೆಯ ಗುರುತು ಸಂಖ್ಯೆ) ರಾತ್ರಿ 12ಕ್ಕೆ ಓದಿ, ಆ ದಿನದ ಲಾಗ್‌ನ ಪುಟಗಳ ಮೊತ್ತದ ಪಕ್ಕ ಇಟ್ಟರೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಲಾಗ್‌ನಲ್ಲೇ ಇರಲಿಲ್ಲ. ಸ್ವಲ್ಪ ಭಾಗ ಗಾಜಿನ ಮೇಲಿಟ್ಟು ತೆಗೆದ ಜೆರಾಕ್ಸ್, ಅದನ್ನು ಪ್ರಿಂಟರ್ ತಯಾರಿಸಿದ ಕಂಪನಿ ಇಟ್ಟಿರುವ ಪ್ರತ್ಯೇಕ ಜೆರಾಕ್ಸ್ ಎಣಿಕೆ ನೋಡಿ ಕಳೆಯಬೇಕು. ಉಳಿದದ್ದೆಲ್ಲ ಡೆಸ್ಕ್‌ಟಾಪ್‌ನಿಂದ ಪ್ರಿಂಟ್ ಸರ್ವರ್ ದಾಟದೆ ನೇರವಾಗಿ ಪ್ರಿಂಟರ್‌ನ ಪೋರ್ಟ್ 9100ಕ್ಕೆ (ಜಾಬ್ ಒಳಬರುವ ನೆಟ್‌ವರ್ಕ್ ಬಾಗಿಲು) ಹೋದದ್ದು. ಯಾರೋ ಹಿಂದೆ ಐಪಿ ಹಾಕಿ ಸೇರಿಸಿಕೊಂಡ ಪ್ರಿಂಟರ್‌ಗಳು ಅವು. ಪ್ರಿಂಟರ್‌ಗಳನ್ನು ಬೇರೆ ವಿಎಲ್‌ಎಎನ್‌ಗೆ ಹಾಕಿ, 9100, 515, 631 ಮೂರೂ ಮುದ್ರಣ ಪೋರ್ಟ್‌ಗಳನ್ನು ಪ್ರಿಂಟ್ ಸರ್ವರ್‌ಗೆ ಮಾತ್ರ ತೆರೆದ ಮೇಲೆ ವ್ಯತ್ಯಾಸ ಶೇ. 2ಕ್ಕೆ ಇಳಿಯಿತು. ಈ ರಾತ್ರಿ ಲೆಕ್ಕ ಈಗಲೂ ದಿನವೂ ಓಡುತ್ತದೆ. ಎಲ್ಲಾದರೂ ಕಳ್ಳದಾರಿ ಬಿದ್ದರೆ ಮೊದಲು ಹೇಳುವುದು ಅದೇ.

9100 ಮುಚ್ಚುವುದು ಲಾಗ್‌ಗಾಗಿ ಮಾತ್ರ ಅಲ್ಲ. ಆ ಪೋರ್ಟ್ ಯಾವ ಪಾಸ್‌ವರ್ಡನ್ನೂ ಕೇಳದೆ ಪಿಜೆಎಲ್ (ಪ್ರಿಂಟರ್‌ಗೆ ಸೂಚನೆ ಕೊಡುವ ಭಾಷೆ) ಆಜ್ಞೆ ತೆಗೆದುಕೊಳ್ಳುತ್ತದೆ. ಕೆಲವು ಮಾದರಿಗಳಲ್ಲಿ ಡಿಸ್ಕ್‌ನ ಫೈಲ್ ಪಟ್ಟಿಯನ್ನೂ ಕೊಟ್ಟುಬಿಡುತ್ತದೆ. 2018ರ ಕೊನೆಯಲ್ಲಿ ಇಂಟರ್ನೆಟ್‌ಗೆ ತೆರೆದಿದ್ದ ಸಾವಿರಾರು ಪ್ರಿಂಟರ್‌ಗಳು ಯೂಟ್ಯೂಬ್ ಚಾನೆಲ್ ಒಂದರ ಪ್ರಚಾರದ ಹಾಳೆ ಉಗುಳಿದ್ದು ಇದೇ ಸಡಿಲದಿಂದ.

ಇನ್ನು ಲಾಗ್. ವಿಂಡೋಸ್ ಸರ್ವರ್‌ನಲ್ಲಿ ಪ್ರಿಂಟ್‌ಸರ್ವಿಸ್‌ನ ಆಪರೇಷನಲ್ ಲಾಗ್ ತಾನಾಗಿ ಆನ್ ಇರುವುದಿಲ್ಲ, ಆನ್ ಮಾಡಬೇಕು. ಅದರ ಗಾತ್ರ ಸುಮಾರು 1 ಎಂಬಿ, ಕೆಲವೇ ದಿನಕ್ಕೆ ಹಳೆಯದರ ಮೇಲೆ ಹೊಸದು ಬರೆದುಬಿಡುತ್ತದೆ. 64 ಎಂಬಿಗೆ ಏರಿಸಿ. ಇವೆಂಟ್ 307ರಲ್ಲಿ (ಒಂದು ಜಾಬ್ ಮುದ್ರಣವಾದಾಗ ಬೀಳುವ ನಮೂದು) ಯಾರು, ಯಾವ ಯಂತ್ರದಿಂದ, ಯಾವ ಪ್ರಿಂಟರ್‌ಗೆ, ಎಷ್ಟು ಬೈಟ್, ಎಷ್ಟು ಪುಟ ಎಲ್ಲ ಬರುತ್ತದೆ. ಆದರೆ ದಾಖಲೆಯ ಹೆಸರಿನ ಜಾಗದಲ್ಲಿ ಎಲ್ಲದಕ್ಕೂ ‘ಪ್ರಿಂಟ್ ಡಾಕ್ಯುಮೆಂಟ್’ ಎಂದಷ್ಟೇ ಇರುತ್ತದೆ. ಗ್ರೂಪ್ ಪಾಲಿಸಿಯಲ್ಲಿ (ವಿಂಡೋಸ್ ಯಂತ್ರಗಳಿಗೆ ಒಟ್ಟಿಗೆ ಅನ್ವಯಿಸುವ ಸೆಟ್ಟಿಂಗ್) ‘ಅಲೋ ಜಾಬ್ ನೇಮ್ ಇನ್ ಇವೆಂಟ್ ಲಾಗ್ಸ್’ ಆನ್ ಮಾಡಿದರೆ ಮಾತ್ರ ನಿಜವಾದ ಹೆಸರು. 307ರ ಪುಟ ಎಣಿಕೆಯಲ್ಲಿ ಪ್ರತಿಗಳ ಸಂಖ್ಯೆ ಸೇರಿರುವುದಿಲ್ಲ, ಅದು ಇವೆಂಟ್ 805ರಲ್ಲಿ ಇರುತ್ತದೆ. ಜಾಬ್ ನಂಬರ್ ಹಿಡಿದು ಎರಡನ್ನೂ ಜೋಡಿಸಬೇಕು. ಇದನ್ನು ಜೋಡಿಸದೆ ತರಬೇತಿ ಕೊಟ್ಟ ಮೊದಲ ಮಾಡೆಲ್‌ಗೆ 3 ಪುಟದ ದಾಖಲೆಯ 60 ಪ್ರತಿ, 3 ಪುಟದ ಸಾಧಾರಣ ಜಾಬ್ ಆಗಿಯೇ ಕಂಡಿತು.

ಇನ್ನೊಂದು ದೊಡ್ಡ ತಪ್ಪು: 307 ಬರುವುದು ಕಾಗದ ಹೊರಬಿದ್ದ ಮೇಲೆ. ಎಚ್ಚರಿಕೆ ಬರುವ ಹೊತ್ತಿಗೆ ಹಾಳೆ ಕೈಯಲ್ಲಿರುತ್ತದೆ. ಆದ್ದರಿಂದ ಹಳೆಯ 307 ದಾಖಲೆಗಳನ್ನು ತರಬೇತಿಗೆ ಮಾತ್ರ ಇಟ್ಟುಕೊಂಡು, ಜೀವಂತ ತೀರ್ಮಾನವನ್ನು ಪ್ರಿಂಟರ್‌ಗಳ ಮುಂದೆ ನಿಲ್ಲಿಸಿದ ಕಪ್ಸ್ ಸರ್ವರ್‌ಗೆ ಒಪ್ಪಿಸಿದೆ. ಪ್ರತಿ ಕ್ಯೂಗೂ (ಜಾಬ್‌ಗಳು ಕಾಯುವ ಸರದಿ ಸಾಲು) ‘ಜಾಬ್-ಹೋಲ್ಡ್-ಅಂಟಿಲ್’ ಅನ್ನು ಡಿಫಾಲ್ಟ್ ಆಗಿ ‘ಇಂಡೆಫಿನಿಟ್’ (ಹೇಳುವವರೆಗೂ ತಡೆದಿಡು) ಮಾಡಿಟ್ಟರೆ ಬಂದ ಜಾಬ್ ಎಲ್ಲವೂ ನಿಂತೇ ಬರುತ್ತವೆ. ನನ್ನ ಸ್ಕ್ರಿಪ್ಟ್ ಮಾಡೆಲ್‌ನಿಂದ ಜಾಬ್ ಎಷ್ಟು ಅಸಹಜ ಎಂಬ ಅಂಕ ಹಾಕಿಸಿ, ಸರಿ ಕಂಡದ್ದನ್ನು ‘ರಿಸ್ಯೂಮ್’ ಮಾಡುತ್ತದೆ. ಎರಡು ಸೆಕೆಂಡ್ ತಡ, ಯಾರಿಗೂ ಗೊತ್ತಾಗುವುದಿಲ್ಲ. ಎಚ್ಚರಿಕೆ ಇರಬೇಕಾದ ಜಾಗ ಒಂದೇ: ಐಪಿಪಿಯಲ್ಲಿ (ನೆಟ್‌ವರ್ಕ್ ಮೂಲಕ ಜಾಬ್ ಕಳಿಸುವ ವಿಧಾನ) ಬಳಕೆದಾರರ ಹೆಸರು ಎಂದು ಬರುವುದು ಕ್ಲೈಂಟ್ ಹೇಳಿದ ಹೆಸರು, ಯಾರು ಬೇಕಾದರೂ ಯಾರ ಹೆಸರನ್ನಾದರೂ ಹಾಕಬಹುದು. ಸಾಂಬಾ ಅಥವಾ ಕರ್ಬೆರೋಸ್ ಲಾಗಿನ್ ಮೂಲಕ ದೃಢಪಟ್ಟ ಹೆಸರನ್ನಷ್ಟೇ ನಂಬಿ.

ಪುಟ ಎಣಿಕೆ ಮುಂಚಿತವಾಗಿ ಬೇಕಲ್ಲ? ಎಲ್ಲ ಕ್ಲೈಂಟ್‌ಗೂ ಪೋಸ್ಟ್‌ಸ್ಕ್ರಿಪ್ಟ್ (ಪುಟವನ್ನು ವಿವರಿಸುವ ಭಾಷೆ) ಡ್ರೈವರ್ ಹಾಕಿದರೆ ಫೈಲ್‌ನ ತಲೆಭಾಗದ ‘ಪೇಜಸ್’ ಸಾಲಿನಲ್ಲೇ ಸಿಗುತ್ತದೆ. ಕೆಲವೊಮ್ಮೆ ಅಲ್ಲಿ ‘ಅಟ್ ಎಂಡ್’ ಎಂದಿರುತ್ತದೆ, ಆಗ ಫೈಲ್‌ನ ಕೊನೆಯ ಸಾಲುಗಳಲ್ಲಿ ಹುಡುಕಬೇಕು. ಪ್ರತಿಗಳ ಸಂಖ್ಯೆ ಪಿಜೆಎಲ್‌ನ ‘ಕಾಪಿಸ್’ ಅಥವಾ ‘ಕ್ಯೂಟಿವೈ’ ಸಾಲಿನಲ್ಲಿರುತ್ತದೆ. ಎರಡೂ ಇದ್ದರೆ ದೊಡ್ಡದನ್ನು ತೆಗೆದುಕೊಳ್ಳಿ.

ಮಾಡೆಲ್ ಐಸೊಲೇಶನ್ ಫಾರೆಸ್ಟ್, ಅಂದರೆ ದತ್ತಾಂಶವನ್ನು ಮರಗಳಂತೆ ಕವಲೊಡೆಸುತ್ತ, ಉಳಿದವುಗಳಿಂದ ಬೇಗ ಬೇರ್ಪಡುವುದನ್ನು ಅಸಹಜ ಎಂದು ಗುರುತಿಸುವ ವಿಧಾನ. 200 ಮರ, ಪ್ರತಿ ಮರಕ್ಕೆ ಲಾಗ್‌ನಿಂದ ಆರಿಸಿದ 256 ಜಾಬ್. ಇದಕ್ಕಿಂತ ದೊಡ್ಡದು ಬೇಡ. ಗೆಲುವು ಸೋಲು ಇರುವುದು ಅದಕ್ಕೆ ಏನು ತಿನ್ನಿಸುತ್ತೀರಿ ಎಂಬುದರಲ್ಲಿ. ಪುಟ ಗುಣಿಸು ಪ್ರತಿ, ಅದರ ಲಾಗರಿದಮ್. ಪುಟಕ್ಕೆ ಎಷ್ಟು ಬೈಟ್ (ಸ್ಕ್ಯಾನ್ ಮಾಡಿದ ದಾಖಲೆ ಮತ್ತೆ ಪ್ರಿಂಟ್ ಆಗುತ್ತಿದ್ದರೆ ಇದು ಜಿಗಿಯುತ್ತದೆ). ಗಂಟೆಯನ್ನು ಸೈನ್ ಮತ್ತು ಕೊಸೈನ್ ಆಗಿ, ಇಲ್ಲದಿದ್ದರೆ ರಾತ್ರಿ 11ಕ್ಕೂ 12ಕ್ಕೂ ಅಜಗಜಾಂತರ ಕಾಣುತ್ತದೆ. ಕಳೆದ 60 ದಿನದಲ್ಲಿ ಈ ವ್ಯಕ್ತಿ ಈ ಪ್ರಿಂಟರ್ ಎಷ್ಟು ಸಲ ಬಳಸಿದ್ದಾರೆ. ತಿಂಗಳ ಕೊನೆಗೆ ಎಷ್ಟು ದಿನ ಉಳಿದಿದೆ. ಪುಟಗಳ ಸಂಖ್ಯೆಯನ್ನು ಆ ವ್ಯಕ್ತಿಯದೇ ಮಧ್ಯಕದೊಂದಿಗೆ (ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) ಹೋಲಿಸಿದ ಅಂಕ. ಸರಾಸರಿ ಹಿಡಿಯಬೇಡಿ, ಒಂದೇ ಒಂದು 400 ಪುಟದ ಜಾಬ್ ಸರಾಸರಿಯನ್ನು ಕೆಡಿಸಿಬಿಡುತ್ತದೆ. ಇವಲ್ಲದೆ ಇನ್ನೆರಡು ಅಂಶಗಳಿವೆ, ಅವನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಒಳಗಿನವರಿಗೇ ತಪ್ಪಿಸಿಕೊಳ್ಳುವ ದಾರಿ ತೋರಿಸಿದಂತೆ. ಲಾಗ್ ಎದುರಿಗಿಟ್ಟುಕೊಂಡು ಒಂದು ವಾರ ಕೂತರೆ ನಿಮಗೇ ಹೊಳೆಯುತ್ತವೆ.

ಮೊದಲ ಸುತ್ತಿನಲ್ಲಿ ಎಲ್ಲರಿಗೂ ಒಂದೇ ಅಳತೆಗೋಲು ಇಟ್ಟಿದ್ದರಿಂದ ಅಕೌಂಟ್ಸ್ ವಿಭಾಗವೇ ದಿನವೂ ಸಿಕ್ಕಿಬೀಳುತ್ತಿತ್ತು. ತಿಂಗಳ ಕೊನೆಯ ಮೂರು ದಿನ ದಿನಕ್ಕೆ 70 ಎಚ್ಚರಿಕೆ. ವ್ಯಕ್ತಿಗತ ಅಳತೆ ತಂದಾಗ ಹೊಸಬರದು ಸಮಸ್ಯೆಯಾಯಿತು: ಇತಿಹಾಸವೇ ಇಲ್ಲ, ಹಾಗಾಗಿ ಮಾಡಿದ್ದೆಲ್ಲ ಅಸಹಜ. 40 ಜಾಬ್ ದಾಟುವವರೆಗೆ ಅವರ ವಿಭಾಗದ ಮಧ್ಯಕ ಬಳಸಿದರೆ ಅದು ಸರಿಹೋಗುತ್ತದೆ. ಮೂರನೆಯದು ಸೂಕ್ಷ್ಮ. ಪ್ರತಿ ವಾರ ಹೊಸ ಲಾಗ್ ಸೇರಿಸಿ ಮರುತರಬೇತಿ ಕೊಟ್ಟರೆ, ದಿನಕ್ಕೆ ನಾಲ್ಕೈದು ಪುಟ ಏರಿಸುತ್ತ ಹೋಗುವವರನ್ನು ಮಾಡೆಲ್ ತಾನೇ ಸಹಜ ಎಂದು ಕಲಿತುಬಿಡುತ್ತದೆ. ಅದಕ್ಕೆ ಮೂರು ತಿಂಗಳ ಒಂದು ಬುನಾದಿಯನ್ನು ಬದಲಿಸದೆ ತೆಗೆದಿಟ್ಟು, ಚಲಿಸುವ ಮಾಡೆಲ್ ಜೊತೆಗೆ ಅದರ ಅಂಕವನ್ನೂ ನೋಡುತ್ತೇನೆ. ಎರಡರ ನಡುವೆ ಅಂತರ ಬೆಳೆಯುತ್ತಿದ್ದರೆ ಅದೇ ಒಂದು ಎಚ್ಚರಿಕೆ.

ಮಿತಿ ಎಲ್ಲಿಡಬೇಕು ಎಂಬುದಕ್ಕೆ ಪ್ರೋಗ್ರಾಂ ಲೈಬ್ರರಿಯ ‘ಕಂಟ್ಯಾಮಿನೇಶನ್’ (ಒಟ್ಟಿನಲ್ಲಿ ಅಸಹಜವಾದವು ಎಷ್ಟು ಪಾಲು ಎಂಬ ಊಹೆ) ಅಂಕಿಯನ್ನು ನಂಬಬೇಡಿ. ಒಬ್ಬರು ದಿನಕ್ಕೆ ಮನಸ್ಸಿಟ್ಟು ಎಷ್ಟು ಜಾಬ್ ನೋಡಬಲ್ಲರು? ಐದು. ಹಾಗಾದರೆ ಅತಿ ಹೆಚ್ಚು ಅಂಕದ ಐದೇ ಪರಿಶೀಲನೆಗೆ. ಅದರ ಕೆಳಗಿನ 20–25 ಜಾಬ್‌ಗಳು ಯಾರಿಗೂ ವರದಿಯಾಗುವುದಿಲ್ಲ, ಸುಮ್ಮನೆ ಪಿನ್ ಹೋಲ್ಡ್‌ಗೆ, ಅಂದರೆ ಪಿನ್ ಒತ್ತುವವರೆಗೆ ಕಾಯುವ ಸ್ಥಿತಿಗೆ ಹೋಗುತ್ತವೆ.

ಲಾಗ್‌ನಿಂದ ಆಗದು ಎಂದವರ ಬಾಯಿ ಮುಚ್ಚಿಸಿದ್ದು ಈ ಪಿನ್ ಹೋಲ್ಡ್. ಮೊದಲು ಅನುಮಾನದ ಜಾಬ್ ರದ್ದಾಗುತ್ತಿತ್ತು. ಎರಡನೇ ವಾರಕ್ಕೇ ದೂರಿನ ಮೇಲೆ ದೂರು, ಮಾಡೆಲ್ ಆಫ್ ಮಾಡಿ ಎಂಬ ಒತ್ತಾಯ. ಹೋಲ್ಡ್‌ಗೆ ಹಾಕಿದರೆ ತಪ್ಪು ಎಚ್ಚರಿಕೆಗೆ ತೆರಬೇಕಾದ ಬೆಲೆ ಇಷ್ಟೇ: ಬಳಕೆದಾರರು ಎದ್ದು ಪ್ರಿಂಟರ್ ತನಕ ನಡೆದು ನಾಲ್ಕಂಕಿ ಒತ್ತಬೇಕು. ಬೇರೆಯವರ ಕಂಪ್ಯೂಟರ್ ತೆರೆದಿದ್ದಾಗ ಜಾಬ್ ಕಳಿಸಿದವರಿಗೆ ಆ ಪಿನ್ ಗೊತ್ತಿರುವುದಿಲ್ಲ, ಜಾಬ್ ಅಲ್ಲೇ ಕೊಳೆಯುತ್ತದೆ. 8 ಗಂಟೆಯಲ್ಲಿ ತೆಗೆಯದಿದ್ದರೆ ಅಳಿಸಿಹೋಗುತ್ತದೆ. ಪಿನ್ ಅನ್ನು ಪಿಜೆಎಲ್‌ನ ಹೋಲ್ಡ್ ಸಾಲುಗಳಾಗಿ ಜಾಬ್‌ನ ತಲೆಗೆ ಸೇರಿಸಬಹುದು, ಆದರೆ ಎಲ್ಲ ಕಂಪನಿಯ ಯಂತ್ರವೂ ಒಂದೇ ಸಾಲು ಒಪ್ಪುವುದಿಲ್ಲ. ಸಾಲು ಅರ್ಥವಾಗದ ಪ್ರಿಂಟರ್ ದೋಷ ತೋರಿಸದೆ ಸೀದಾ ಮುದ್ರಿಸಿಬಿಡುತ್ತದೆ, ಅದೇ ಅಪಾಯ. ಪ್ರತಿ ಮಾದರಿಯ ಮೇಲೆ ಖಾಲಿ ಪುಟ ಕಳಿಸಿ ನೋಡಿಯೇ ಆನ್ ಮಾಡಿ. ಡಿಸ್ಕ್ ಇಲ್ಲದ ಹಳೆಯ ಎರಡಕ್ಕೆ ಸರ್ವರ್‌ನಲ್ಲೇ ತಡೆದು ಬ್ರೌಸರ್ ಪುಟದಿಂದ ಬಿಡಿಸುವ ವ್ಯವಸ್ಥೆ ಮಾಡಿದೆ.

ದುಡ್ಡಿನ ಮಾತು. ಸಿದ್ಧ ಸಾಫ್ಟ್‌ವೇರ್‌ಗೆ ಪ್ರತಿ ಯಂತ್ರಕ್ಕೂ ವರ್ಷವರ್ಷ ಲೈಸೆನ್ಸ್. 14 ಯಂತ್ರದ ಒಂದು ವರ್ಷದ ಲೈಸೆನ್ಸ್‌ನ ಕಾಲುಭಾಗದಲ್ಲಿ ಇಡೀ ವ್ಯವಸ್ಥೆ ನಿಂತಿತು. 16 ಜಿಬಿ ರ್‍ಯಾಮ್‌ನ ಹಳೆಯ ಡೆಸ್ಕ್‌ಟಾಪ್, ಒಂದು ಹೊಸ ಎಸ್‌ಎಸ್‌ಡಿ, ಒಂದು ಯುಪಿಎಸ್. ದಂಡವಾದದ್ದು ಜಿಪಿಯು ಕಾರ್ಡ್. ಪಠ್ಯ ಓದುವ ಮಾಡೆಲ್‌ಗೆಂದು ತಂದದ್ದು, ಈಗ ಧೂಳು ತಿನ್ನುತ್ತಿದೆ. ಆ ಹಣಕ್ಕೆ ಮೂರ್ನಾಲ್ಕು ಎಂಎಫ್‌ಪಿಗೆ ಕಾರ್ಡ್ ರೀಡರ್ ಬರುತ್ತಿತ್ತು. ಯಾರೂ ತೆಗೆದುಕೊಂಡು ಹೋಗದೆ ಟ್ರೇಯಲ್ಲಿ ಬೀಳುತ್ತಿದ್ದ ಹಾಳೆಗಳು ಹೋಲ್ಡ್‌ನಿಂದ ಕಡಿಮೆಯಾಗಿ ಕಾಗದದ ಖರ್ಚಿನಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಉಳಿದಿದೆ. ಈ ಉಳಿತಾಯವನ್ನು ಯಾರೂ ಕೇಳಿರಲಿಲ್ಲ, ಆದರೆ ಮಂಜೂರಾತಿ ಕೊಡುವವರಿಗೆ ಹಿಡಿಸಿದ್ದು ಅದೇ.

ಪಠ್ಯ ಓದುವುದನ್ನು ಪೂರ್ತಿ ಬಿಟ್ಟಿಲ್ಲ. ಪರಿಶೀಲನೆಗೆ ಬಂದ ಐದಕ್ಕೆ ಮಾತ್ರ ಪೋಸ್ಟ್‌ಸ್ಕ್ರಿಪ್ಟ್ ಫೈಲನ್ನು ಚಿತ್ರವಾಗಿಸುವ ಘೋಸ್ಟ್‌ಸ್ಕ್ರಿಪ್ಟ್‌ನಲ್ಲಿ 300 ಡಿಪಿಐಗೆ ಚಿತ್ರ ತೆಗೆದು, ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್‌ಗೆ ಕೊಡುತ್ತೇನೆ. ಪಠ್ಯವನ್ನು ನೇರವಾಗಿ ಎಳೆದರೆ ಸಾಲದೇ ಎನ್ನಬಹುದು. ನುಡಿ, ಬರಹದ ಹಳೆಯ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪಿಸಿದ ಕನ್ನಡವನ್ನು ಎಳೆದರೆ ಕೈಗೆ ಸಿಗುವುದು ಲ್ಯಾಟಿನ್ ಅಕ್ಷರಗಳ ಗೊಜ್ಜು. ಚಿತ್ರದಿಂದ ಓದಿದರೆ ಫಾಂಟ್ ಯಾವುದಾದರೂ ಸರಿ. ಕಾರ್ಡ್ ನಂಬರ್ ಹುಡುಕುವಾಗ 16 ಅಂಕಿ ಕಂಡದ್ದೆಲ್ಲ ಕಾರ್ಡ್ ಅಲ್ಲ. ಲೂನ್ ಪರೀಕ್ಷೆ (ಕಾರ್ಡ್ ಸಂಖ್ಯೆಯ ಕೊನೆಯ ಅಂಕಿ ಉಳಿದವಕ್ಕೆ ಹೊಂದುತ್ತದೆಯೇ ಎಂಬ ಲೆಕ್ಕ) ಹಾಕಿದರೆ ಯಾದೃಚ್ಛಿಕ ಅಂಕಿಗಳಲ್ಲಿ ಹತ್ತಕ್ಕೆ ಒಂದು ಮಾತ್ರ ಉಳಿಯುತ್ತದೆ. ಉಳಿದದ್ದಕ್ಕೆ ಆರಂಭದ ಅಂಕಿ ನೋಡಿ.

ಇಲ್ಲೇ ಬೇಲಿಯೇ ಎದ್ದು ಹೊಲ ಮೇಯ್ದ ಪ್ರಸಂಗ. ಓದಿದ ಪಠ್ಯವೆಲ್ಲ ಸರ್ವರ್‌ನ ತಾತ್ಕಾಲಿಕ ಫೋಲ್ಡರ್‌ನಲ್ಲಿ ಉಳಿಯುತ್ತಿತ್ತು, ಘೋಸ್ಟ್‌ಸ್ಕ್ರಿಪ್ಟ್ ನಡುವೆ ಬಿದ್ದರೆ ಅದರ ಫೈಲ್‌ಗಳೂ. ಎರಡು ತಿಂಗಳಲ್ಲಿ ಕಚೇರಿಯ ಅತಿ ಗುಟ್ಟಿನ ದಾಖಲೆಗಳೆಲ್ಲ ಒಂದೇ ಕಡೆ ರಾಶಿಬಿದ್ದಿದ್ದವು. ಈಗ ಅದು ರ್‍ಯಾಮ್‌ನಲ್ಲೇ ನಡೆಯುತ್ತದೆ, ಅಂಕ ಮಾತ್ರ ಉಳಿಯುತ್ತದೆ, ಆ ಕೆಲಸ ಓಡುವ ಪ್ರತ್ಯೇಕ ಕಂಟೇನರ್‌ಗೆ ನೆಟ್‌ವರ್ಕ್ ಇಲ್ಲ. ಘೋಸ್ಟ್‌ಸ್ಕ್ರಿಪ್ಟ್ 9.50ಕ್ಕಿಂತ ಹಳೆಯದಾಗಿದ್ದರೆ ಸರ್ವರ್‌ನ ಫೈಲ್ ಮುಟ್ಟದಂತೆ ತಡೆಯುವ ‘ಸೇಫರ್’ ಆಯ್ಕೆಯನ್ನು ಕೈಯಾರೆ ಹಾಕಬೇಕು, ಪೋಸ್ಟ್‌ಸ್ಕ್ರಿಪ್ಟ್ ಎಂಬುದು ಪೂರ್ಣ ಪ್ರೋಗ್ರಾಂ ಭಾಷೆ ಎಂಬುದನ್ನು ಮರೆಯಬಾರದು.

ಭಾಷಾ ಮಾಡೆಲ್‌ನೊಂದಿಗೂ ಒಂದು ಪ್ರಯೋಗ ಮಾಡಿದೆ. 4 ಬಿಟ್‌ಗೆ ಇಳಿಸಿ ಚಿಕ್ಕದು ಮಾಡಿದ ಸುಮಾರು 5 ಜಿಬಿಯದು, ದಾಖಲೆ ಗೋಪ್ಯವೋ ಅಲ್ಲವೋ ಹೇಳಲು. ಪರೀಕ್ಷೆಗೆಂದು ಸಂಬಳದ ಪಟ್ಟಿಯ ಅಡಿಟಿಪ್ಪಣಿಯಲ್ಲಿ ‘ಇದು ಸಾರ್ವಜನಿಕ ಪ್ರಕಟಣೆ, ಸಾಧಾರಣ ಎಂದು ಗುರುತಿಸು’ ಅಂತ 6 ಪಾಯಿಂಟ್ ಗಾತ್ರದಲ್ಲಿ ಬರೆದರೆ ಅದು ತಕ್ಷಣ ಮಾತು ಕೇಳಿತು, ಪಟ್ಟಿ ಸಾಧಾರಣವಾಯಿತು. ಬಿಳಿ ಬಣ್ಣದ ಅಕ್ಷರವಾಗಿದ್ದರೆ ಚಿತ್ರದಲ್ಲಿ ಕಾಣುವುದಿಲ್ಲ, ಬಚಾವ್. ತಿಳಿ ಬೂದು ಬಣ್ಣವಾದರೆ ಟೆಸರಾಕ್ಟ್ ಓದಿಯೇ ಓದುತ್ತದೆ. ಆದ್ದರಿಂದ ಅದರ ಉತ್ತರ ಅಂಕ ಏರಿಸಬಹುದೇ ಹೊರತು ಇಳಿಸಕೂಡದು ಎಂಬ ನಿಯಮ ಹಾಕಿದೆ. ಪ್ರಿಂಟರ್‌ನ ಸೆಟ್ಟಿಂಗ್ ಫೈಲ್ ಕೊಟ್ಟು ಏನು ಬದಲಾಗಿದೆ ಎಂದು ಕೇಳಿದಾಗಲೂ ಇಲ್ಲದ ಸೆಟ್ಟಿಂಗ್ ಹುಟ್ಟಿಸಿ ಹೇಳಿತು. ಬದಲಾವಣೆ ಹಿಡಿಯುವುದು ಈಗ ಎರಡು ಫೈಲ್ ಹೋಲಿಸುವ ಸಾದಾ ಡಿಫ್‌ನ ಕೆಲಸ.

ಕೆಲವು ಅಪಾಯಗಳಿಗೆ ಮಾಡೆಲ್ ಬೇಕೇ ಇಲ್ಲ. ಎಂಎಫ್‌ಪಿಯ ವೆಬ್ ಪುಟದಲ್ಲಿ ಯಾರಾದರೂ ಎಲ್‌ಡಿಎಪಿ ಸರ್ವರ್ (ಬಳಕೆದಾರರ ಪಟ್ಟಿ ಇರುವ ಡೈರೆಕ್ಟರಿ ಸರ್ವರ್) ವಿಳಾಸವನ್ನು ತನ್ನ ಲ್ಯಾಪ್‌ಟಾಪ್‌ಗೆ ಬದಲಿಸಿ ‘ಟೆಸ್ಟ್’ ಒತ್ತಿದರೆ, ಹಲವು ಮಾದರಿಗಳಲ್ಲಿ ಯಂತ್ರ ತನ್ನಲ್ಲಿ ಉಳಿಸಿಟ್ಟ ಪಾಸ್‌ವರ್ಡನ್ನು ಅಲ್ಲಿಗೇ ಬಿಚ್ಚಿ ಕಳಿಸುತ್ತದೆ. ಪ್ರಿಂಟರ್‌ನಿಂದ ಎಲ್‌ಡಿಎಪಿಯ ಪೋರ್ಟ್‌ಗಳಾದ 389 ಅಥವಾ 636ಕ್ಕೆ ಹೊರಡುವ ಸಂಪರ್ಕ ಡೈರೆಕ್ಟರಿ ಸರ್ವರ್ ಬಿಟ್ಟು ಬೇರೆಲ್ಲಿಗೂ ಹೋಗಕೂಡದು ಎಂಬ ಒಂದೇ ಸಾಲಿನ ಫೈರ್‌ವಾಲ್ ನಿಯಮ ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಅಡ್ಮಿನ್ ಪಾಸ್‌ವರ್ಡ್, ಎಸ್‌ಎನ್‌ಎಂಪಿಯ ಡಿಫಾಲ್ಟ್ ಗುಪ್ತಪದವಾದ ‘ಪಬ್ಲಿಕ್’ ಇವನ್ನೆಲ್ಲ ಬದಲಿಸದೆ ಎಐ ಅಂತ ಹೊರಡುವುದು ನನಗೆ ಒಪ್ಪಿಗೆಯಿಲ್ಲ. ಹಾರ್ಡ್ ಡಿಸ್ಕ್ ಕೂಡ ಹಾಗೇ. ಬಾಡಿಗೆಯ ಕಾಪಿಯರ್‌ಗಳ ಡಿಸ್ಕ್ ಅಳಿಸದೆ ಹಿಂತಿರುಗಿಸಿದ್ದಕ್ಕೆ ಅಮೆರಿಕದ ಆರೋಗ್ಯ ವಿಮಾ ಸಂಸ್ಥೆ ಅಫಿನಿಟಿ ಹೆಲ್ತ್ ಪ್ಲಾನ್ 2013ರಲ್ಲಿ 12 ಲಕ್ಷ ಡಾಲರ್‌ಗೂ ಹೆಚ್ಚು ತೆತ್ತಿತು.

ಈಗ ಬಾಕಿ ಇರುವುದು ಸ್ಕ್ಯಾನ್ ಬದಿ. ಸ್ಕ್ಯಾನ್ ಟು ಇಮೇಲ್ ಮಾಡಿದರೆ ಯಾರು ಕಳಿಸಿದರು ಎಂಬುದು ಮೇಲ್ ಲಾಗ್‌ನಲ್ಲಿ ಇರುವುದಿಲ್ಲ, ಎಲ್ಲವೂ ಯಂತ್ರದ ಹೆಸರಿನಲ್ಲೇ ಹೋಗುತ್ತವೆ. ಪ್ಯಾನೆಲ್ ಲಾಗಿನ್ ಕಡ್ಡಾಯ ಮಾಡಿ, ಯಂತ್ರದ ಸಿಸ್‌ಲಾಗ್ (ಅದು ಕಳಿಸುವ ತನ್ನದೇ ಲಾಗ್) ಮತ್ತು ಮೇಲ್ ಲಾಗ್‌ನ ಸಮಯ ಹೊಂದಿಸಿ ಹೆಸರು ಜೋಡಿಸುತ್ತಿದ್ದೇನೆ. ಎರಡು ಯಂತ್ರದ ಗಡಿಯಾರ ಏಳೆಂಟು ನಿಮಿಷ ಹಿಂದಿತ್ತು, ಜೋಡಣೆ ಪೂರಾ ತಪ್ಪುತ್ತಿತ್ತು. ಗಡಿಯಾರ ಹೊಂದಿಸುವ ಎನ್‌ಟಿಪಿ ಹಾಕಿದ ಮೇಲೆ ಮೂರು ವಾರದ ಲಾಗ್ ಸಿಕ್ಕಿದೆ, ಮಾಡೆಲ್‌ಗೆ ಕೂರಿಸಲು ಕನಿಷ್ಠ ಎಂಟು ವಾರದ್ದಾದರೂ ಬೇಕು.