ಬಿರುಕಿಗೆ ಸುಣ್ಣದ ಪಟ್ಟಿ: ಸಿ ಇದ್ದ ನಮ್ಮ ಮನೆ ಎ ಆದದ್ದು ಹೀಗೆ

"ಬೀಳೋ ಗ್ವಾಡಿಗೆ ಸುಣ್ಣ ಹಚ್ಚಾಕತ್ತಾನ ನೋಡ್ರಿ" ಅಂತ ನಮ್ಮ ಓಣಿಯವರು ಆಡಿಕೊಂಡಿದ್ದರು. ಅದು 2019ರ ಸೆಪ್ಟೆಂಬರ್. ಅದೇ ಸುಣ್ಣ ಕೊನೆಗೆ ನಮ್ಮ ಕೈ ಹಿಡಿಯಿತು. ಹೊಳೆ ನೀರಿಗೆ ಹಾಳಾದ ಮನೆಗೆ ಸರ್ಕಾರ ಕೊಡುವ ಪರಿಹಾರ ನಮಗೆ ಸಿ ವರ್ಗ ಅಂತ 50,000ಕ್ಕೆ ನಿಂತಿತ್ತು, ಅದು ಎ ವರ್ಗ ಆಗಿ 5 ಲಕ್ಷಕ್ಕೆ ಬಂತು. ಆಗ ನಕ್ಕವರೇ ಈಗ ಫೋನ್ ಮಾಡಿ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮಲಪ್ರಭೆ ದಂಡೆಯ ಊರು. ನವಿಲುತೀರ್ಥ ಅಣೆಕಟ್ಟಿನ ಗೇಟು ಎತ್ತಿದರು ಅಂದರೆ ನಮ್ಮಲ್ಲಿ ಮೊದಲು ದನದ ಹಗ್ಗ ಬಿಚ್ಚುತ್ತಾರೆ. 2009ರಲ್ಲೂ ಮುಳುಗಿದ್ದೆವು. ಆಗ ಮುಳುಗಿದವರಿಗೆ ಅಂತ ಬೇರೆ ಕಡೆ ಕಟ್ಟಿದ ‘ಆಸರೆ’ ಮನೆಗಳಿಗೆ ಬಹಳ ಮಂದಿ ಹೋಗಲಿಲ್ಲ. ಹೊಲ ಇಲ್ಲಿ, ದನ ಇಲ್ಲಿ, ಮನೆ ಮಾತ್ರ ಅಲ್ಲಿ ಅಂದರೆ ಹೇಗೆ? 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳಿಗೆ ನೀರು ಹೊಕ್ಕ ಚಿತ್ರ ಎಲ್ಲರ ಫೋನಿನಲ್ಲೂ ಓಡಾಡಿತು. ಅದೇ ನೀರು ನಮ್ಮ ಪಡಸಾಲೆಯಲ್ಲಿ ನನ್ನ ಎದೆಮಟ್ಟ ನಿಂತಿತ್ತು.

ನಾವು ಆರು ಜನ. ಅಪ್ಪ, ಅವ್ವ, ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು. ಹನ್ನೊಂದು ದಿನವೋ ಹನ್ನೆರಡು ದಿನವೋ ಶಾಲೆಯ ಗಂಜಿ ಕೇಂದ್ರದಲ್ಲಿದ್ದೆವು. ಅಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಹೆಣ್ಣುಮಕ್ಕಳಿಗೆ ಸ್ನಾನಕ್ಕೆ ಮರೆ ಇರಲಿಲ್ಲ, ಅದೇ ದೊಡ್ಡ ಕಷ್ಟ. ನಾಲ್ಕು ಸೀರೆ ಕಟ್ಟಿ ಮರೆ ಮಾಡಿದವಳು ನನ್ನ ಹೆಂಡತಿ. ಮರುದಿನದಿಂದ ಇಡೀ ಕೇಂದ್ರದ ಹೆಂಗಸರು ಅಲ್ಲಿಗೇ ಬಂದರು.

ತಕ್ಷಣದ ಪರಿಹಾರ 10,000 ಬಂತು. ಅದರಲ್ಲಿ 3,800 ವಿಪತ್ತು ನಿಧಿಯದು, ಉಳಿದ 6,200 ರಾಜ್ಯ ಸರ್ಕಾರದ್ದು. ಆ ದುಡ್ಡು ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕ, ಗ್ಯಾಸ್ ಒಲೆ ರಿಪೇರಿ ಅಂತ ಒಂದು ವಾರದಲ್ಲಿ ಮುಗಿಯಿತು. ನಿಮ್ಮದೂ ಹಾಗೇ ಮುಗಿದಿರುತ್ತದೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ನಿಜವಾದ ಕಥೆ ಮನೆ ಹಾನಿಯ ಸರ್ವೆಯದು. ನೀರು ಇಳಿದ ಎರಡು ವಾರಕ್ಕೆ ತಂಡ ಬಂತು. ಆಗ ನಮ್ಮ ಮನೆಯಲ್ಲಿ ಬಿದ್ದದ್ದು ಅಡುಗೆಮನೆಯ ಒಂದು ಮೂಲೆ, ಅಷ್ಟೇ. ಉಳಿದ ಗೋಡೆ ನಿಂತಿತ್ತು. ಹತ್ತು ನಿಮಿಷದಲ್ಲಿ ನೋಡಿ ಸಿ ಅಂತ ಬರೆದುಕೊಂಡು ಹೋದರು. 2019ರ ಲೆಕ್ಕದಲ್ಲಿ ನೂರಕ್ಕೆ 75ಕ್ಕಿಂತ ಜಾಸ್ತಿ ಹಾನಿ ಆದರೆ ಎ, 25ರಿಂದ 75 ಆದರೆ ಬಿ, 15ರಿಂದ 25 ಆದರೆ ಸಿ. ಆಗ ಎ ಅಂದರೆ 5 ಲಕ್ಷ, ಸಿ ಅಂದರೆ 50,000 ಇತ್ತು. ಬಿ ವರ್ಗಕ್ಕೆ ಮೊದಲು 1 ಲಕ್ಷ ಅಂದಿದ್ದರು, ಆಮೇಲೆ 3 ಲಕ್ಷ ಮಾಡಿದರು. ಕೇಂದ್ರ ಸರ್ಕಾರದ ಅಳತೆಯಲ್ಲಿ ಪೂರ್ತಿ ಬಿದ್ದ ಮನೆಗೂ ಬರುತ್ತಿದ್ದದ್ದು 95,100. ಮಿಕ್ಕದ್ದನ್ನು ರಾಜ್ಯ ಸೇರಿಸಿತ್ತು.

ಮಣ್ಣಿನ ಗೋಡೆಯ ಗುಣ ನಮಗೆ ಗೊತ್ತಲ್ವಾ? ನೀರು ನಿಂತಾಗ ಬೀಳುವುದು ಕಮ್ಮಿ, ಇಳಿದ ಮೇಲೆ ಬೀಳುವುದು ಜಾಸ್ತಿ. ಬುಡ ನೆನೆದು ಮೆತ್ತಗಾಗಿರುತ್ತದೆ. ಮೇಲೆ ಮಾಳಿಗೆಯ ಮಣ್ಣಿನ ಭಾರ. ಗೋಡೆ ಒಂದು ತಿಂಗಳು ನಿಂತು, ಒಂದು ರಾತ್ರಿ ಸದ್ದಿಲ್ಲದೆ ಕೂತುಬಿಡುತ್ತದೆ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ಒಂದು ಕಚೇರಿಯಲ್ಲೂ ಕೇಳಲಿಲ್ಲ. "ನಿಂತ ಗೋಡೆಗೆ ಹೇಗ್ರೀ ಎ ಕೊಡೋದು?" ಅಂದರು. ಅವರ ಮಾತಿನಲ್ಲೂ ಅರ್ಥವಿತ್ತು. ಗೋಡೆ ಸರಿಯುತ್ತಿದೆ ಅನ್ನುವುದಕ್ಕೆ ನನ್ನ ಹತ್ತಿರ ಗುರುತು ಬೇಕಿತ್ತು.

ಆಗ ನೆನಪಾದದ್ದು ಹಳೆ ಗೌಂಡಿಗಳ ಕೆಲಸ. ಬಿರುಕಿಗೆ ಅಡ್ಡಲಾಗಿ ಒಂದು ಗೇಣು ಉದ್ದ, ನಾಲ್ಕು ಬೆರಳು ಅಗಲ ಸುಣ್ಣದ ಪಟ್ಟಿ ಹಚ್ಚುತ್ತಾರೆ. ಗೋಡೆ ಸರಿದರೆ ಪಟ್ಟಿ ಸೀಳುತ್ತದೆ. ಸರಿಯದಿದ್ದರೆ ಹಾಗೇ ಇರುತ್ತದೆ. ಅದರ ಮೇಲೆ ತಾರೀಖು ಬರೆದರೆ ಮುಗಿಯಿತು.

ಹೇಳಿದಷ್ಟು ಸುಲಭ ಇರಲಿಲ್ಲ. ಮೊದಲ ಸಲ ಬರೀ ಸುಣ್ಣ ಹಚ್ಚಿದೆ. ಹಸಿ ಗೋಡೆ ಹಿಡಿಯಲಿಲ್ಲ, ಎರಡನೇ ದಿನ ಹೆಕ್ಕಳಿಕೆ ಎದ್ದು ಉದುರಿತು. ಆಮೇಲೆ ಸಿಮೆಂಟ್ ಹಚ್ಚಿದೆ. ಅದು ಗಟ್ಟಿ, ಮಣ್ಣು ಮೆದು. ಪಟ್ಟಿ ಸೀಳುವ ಬದಲು ಒಂದು ಕಡೆಯ ಮಣ್ಣನ್ನೇ ಕಿತ್ತುಕೊಂಡು ಇಡಿಯಾಗಿ ಕೈಗೆ ಬಂತು. ಎರಡು ಚೀಲ ಸಿಮೆಂಟ್ ಹಾಳು, ಹತ್ತಿರ ಹತ್ತಿರ 700 ರೂಪಾಯಿ. ಮೂರನೇ ಸಲ ಸುಣ್ಣಕ್ಕೆ ಜರಡಿ ಹಿಡಿದ ಮರಳು ಸೇರಿಸಿ, ಗೋಡೆ ಕೆರೆದು, ನೀರು ಚಿಮುಕಿಸಿ ಹಚ್ಚಿದೆ. ಇನ್ನೂ ಒಂದು ವಸ್ತು ಬೆರೆಸಿದ್ದೆ, ಅದನ್ನು ಹೇಳಿಕೊಟ್ಟವರಿಗೆ ಮಾತು ಕೊಟ್ಟಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಅದಿಲ್ಲದೆಯೂ ನಡೆಯುತ್ತದೆ, ಸ್ವಲ್ಪ ತಡವಾಗಿ ಒಣಗುತ್ತದೆ ಅಷ್ಟೇ.

ಹನ್ನೊಂದು ಪಟ್ಟಿ ಹಚ್ಚಿದೆ. ಪ್ರತಿ ಪಟ್ಟಿಗೆ ಒಂದು ನಂಬರ್. ಪಕ್ಕದಲ್ಲಿ ಎರಡು ಮೊಳೆ, ಒಂದು ಬಿರುಕಿನ ಈ ಕಡೆ, ಒಂದು ಆ ಕಡೆ. ದಿನಾ ಬೆಳಗ್ಗೆ ಟೇಪ್ ಹಿಡಿದು ಮೊಳೆಯಿಂದ ಮೊಳೆಗೆ ಅಳತೆ ತೆಗೆದು ಮಗಳ ನೋಟ್‌ಬುಕ್ಕಿನಲ್ಲಿ ಬರೆದೆ. ಆವತ್ತಿನ ದಿನಪತ್ರಿಕೆ ಪಕ್ಕಕ್ಕೆ ಹಿಡಿದು ಫೋಟೋ ಹೊಡೆದೆ. ಬಿದ್ದ ಮಣ್ಣನ್ನು ಒಂದು ಬುಟ್ಟಿಯೂ ಎತ್ತಲಿಲ್ಲ. ಓಣಿಯಲ್ಲಿ ಎಲ್ಲರೂ ಮಣ್ಣು ಬಳಿದು ಸಾರಿಸಿ ಒಲೆ ಹೂಡಿದ್ದರು, ನಾವು ಮಾತ್ರ ಊರ ಹೊರಗೆ ತಗಡಿನ ಶೆಡ್‌ನಲ್ಲಿ. ತಗಡು, ಕಂಬ, ಹಗ್ಗ ಎಲ್ಲ ಸೇರಿ ಸುಮಾರು 20,000 ಹೋಯಿತು, ಮಾವನವರ ಹತ್ತಿರ ಕೈಗಡ. ಮಧ್ಯಾಹ್ನ ಒಳಗೆ ಕೂರಲು ಆಗುತ್ತಿರಲಿಲ್ಲ. "ಮನೆ ನಿಂತೈತಿ, ನಾವ್ಯಾಕ ಇಲ್ಲಿ ಬೇಯಬೇಕು?" ಅಂತ ಅವ್ವ ದಿನಾ ಕೇಳುತ್ತಿದ್ದಳು. ನಾನು ನೋಟ್‌ಬುಕ್ ತೋರಿಸುತ್ತಿದ್ದೆ. ಏಳನೇ ನಂಬರಿನ ಪಟ್ಟಿ, ದೇವರ ಕೋಣೆಯ ಮೂಲೆಯದು, ಮೂರು ವಾರದಲ್ಲಿ ಒಂದು ಬೆರಳು ಬಾಯಿ ಬಿಟ್ಟಿತ್ತು. ಅದನ್ನು ಕಣ್ಣಾರೆ ನೋಡಿದ ಮೇಲೆ ಅವ್ವ ಮತ್ತೆ ಕೇಳಲಿಲ್ಲ.

ಈ ನಡುವೆ ಬೇರೆ ಪ್ರಯೋಗಗಳೂ ನಡೆದವು. ಉತಾರ (ಆಸ್ತಿಯ ದಾಖಲೆ), ಪಾಸ್‌ಬುಕ್, ಪಡಿತರ ಚೀಟಿ ಎಲ್ಲ ಕೆಸರಿನ ಮುದ್ದೆ ಆಗಿತ್ತು. ಕೆಲವನ್ನು ಬಿಸಿಲಿಗೆ ಹಾಕಿದೆ, ಸುರುಟಿಕೊಂಡು ಒಡೆದವು. ಉಳಿದವನ್ನು ತಟ್ಟೆಯಲ್ಲಿ ತಿಳಿ ನೀರು ಹಾಕಿ ಕೆಸರು ಬಿಡಿಸಿ, ಹಳೆ ಪೇಪರ್ ನಡುವೆ ಇಟ್ಟು, ಮೇಲೆ ಚಪ್ಪಡಿ ಹೇರಿದೆ. ದಿನಕ್ಕೆ ಎರಡು ಸಲ ಪೇಪರ್ ಬದಲಿಸಿದೆ. ಉತಾರದ ಸೀಲು ಓದುವ ಹಾಗೆ ಉಳಿಯಿತು. ಇಂಕ್ ಪೆನ್ನಿನಲ್ಲಿ ಬರೆದ ಕಾಗದ ಮಾತ್ರ ನೀರಿಗೆ ಹಾಕಬೇಡಿ.

ಕೌದಿಗಳದ್ದು ಅವ್ವನ ಕೆಲಸ. ನೆನೆದ ಕೌದಿ ಎತ್ತಲು ನಾಲ್ಕು ಜನ ಬೇಕಾಯಿತು. ಎಷ್ಟು ಒಗೆದರೂ ಒಳಗಿನ ಪದರದಲ್ಲಿ ಕೆಸರು ಹಾಗೇ ಇತ್ತು. ಅವ್ವ ಹೊಲಿಗೆ ಬಿಚ್ಚಿ, ಒಂದೊಂದು ಪದರ ಬೇರೆ ಮಾಡಿ ಒಗೆದು, ಶೆಡ್‌ನಲ್ಲಿ ಕೂತು ಮತ್ತೆ ಹೊಲಿದಳು. ಮೂರು ಕೌದಿ ಉಳಿದವು. ಹಗೇವಿನ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯ ಜೋಳ ಉಳಿಯಲಿಲ್ಲ. ಆರು ಚೀಲ ಇತ್ತು. ತೊಳೆದು ಡಾಂಬರು ರಸ್ತೆಯಲ್ಲಿ ಹರವಿದೆ, ಮೊಳಕೆ ಒಡೆದು ಬೂಸ್ಟು ಬಂತು. ಎಮ್ಮೆಗೆ ಹಾಕೋಣ ಅಂತ ಅಪ್ಪ ಅಂದರು, ನಾನು ಬಿಡಲಿಲ್ಲ. ಬೂಸ್ಟು ಹಿಡಿದ ಕಾಳು ತಿಂದು ದನ ಸತ್ತರೆ ಅದಕ್ಕೆ ಯಾವ ಪರಿಹಾರ? ಎಲ್ಲ ತಿಪ್ಪೆಗೆ ಹಾಕಿದೆವು.

ಅಕ್ಟೋಬರ್ ಕೊನೆಗೆ ಮತ್ತೆ ಹೊಳೆ ಬಂತು. ಈ ಸಲ ನಮ್ಮ ಹೊಸ್ತಿಲ ತನಕ ಮಾತ್ರ. ಆದರೆ ಅಷ್ಟು ಸಾಕಾಯಿತು. ನೀರು ಇಳಿದ ನಾಲ್ಕನೇ ದಿನ ಹಿಂದಿನ ಗೋಡೆ ತೊಲೆ ಸಮೇತ ಒಳಗೆ ಬಿತ್ತು. ಬಿದ್ದದ್ದು ಏಳನೇ ನಂಬರಿನ ಕಡೆಯಿಂದಲೇ. ಹಾಸಿಗೆ ಹಾಸುತ್ತಿದ್ದ ಜಾಗದ ಮೇಲೆ ಮೊಣಕಾಲುದ್ದ ಮಣ್ಣು. ಅಪ್ಪ ಆ ಮಣ್ಣಿನ ಮುಂದೆ ಬಹಳ ಹೊತ್ತು ನಿಂತಿದ್ದರು.

ಮಾರನೇ ದಿನವೇ ಮರು ಸರ್ವೆಗೆ ಅರ್ಜಿ ಹಾಕಿದೆ. ಜೊತೆಗೆ ನೋಟ್‌ಬುಕ್ಕಿನ ಜೆರಾಕ್ಸ್, ಸುಮಾರು 60 ಫೋಟೋ, ಹನ್ನೊಂದು ಪಟ್ಟಿಯ ನಕ್ಷೆ, ಅಕ್ಕಪಕ್ಕದ ಐದು ಮನೆಯವರ ಸಹಿ. ಎರಡು ಸಲ ಅರ್ಜಿ ಕಳೆದುಹೋಗಿದೆ ಅಂದರು. ಮೂರನೇ ಸಲ ಸ್ವೀಕೃತಿ ಪಡೆದೇ ಹೊರಗೆ ಬಂದೆ. ಬಂದ ಇಂಜಿನಿಯರ್ ಪಟ್ಟಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ಇದನ್ನ ಯಾರು ಮಾಡಿದ್ದು?" ಅಂದರು. "ನಾನೇ ಸರ್" ಅಂದೆ. ಉಳಿದ ಗೋಡೆಯೂ ಸರಿಯುತ್ತಿದೆ ಅಂತ ಪಂಚನಾಮೆಯಲ್ಲಿ ಬರೆದುಕೊಂಡರು. ಎ ಬಂತು. ಯಾವ ದಿನ, ಯಾರ ಮುಂದೆ ಫೈಲ್ ಇಟ್ಟೆ ಅನ್ನುವುದನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಪರಿಹಾರದ ಮೊದಲ ಕಂತು 1 ಲಕ್ಷ. ತಳಪಾಯಕ್ಕೇ 1 ಲಕ್ಷದ 40 ಸಾವಿರ ಹೋಯಿತು, ಯಾಕೆಂದರೆ ನಾನು ನಾಲ್ಕು ಅಡಿ ಎತ್ತರಿಸಿದೆ. ಅದಕ್ಕೂ ಜನ ನಕ್ಕರು. ಆಮೇಲೆ ಒಂದು ತಪ್ಪು ನನ್ನದೇ. ಹಳೆ ಜಾಗದಿಂದ ಹಿತ್ತಿಲ ಕಡೆ ಸರಿಸಿ ಪಾಯ ಹಾಕಿದೆ, ಮೊದಲು ತಿಳಿಸಲಿಲ್ಲ. ಜಿಪಿಎಸ್ ಫೋಟೋ ತೆಗೆದಾಗ ಜಾಗ ತಾಳೆ ಆಗಲಿಲ್ಲ, ಕಂತು ನಿಂತಿತು. ಅದು ಸರಿಯಾಗುವಷ್ಟರಲ್ಲಿ 2020ರ ಲಾಕ್‌ಡೌನ್. ಗೌಂಡಿಗಳಿಲ್ಲ, ಸಿಮೆಂಟ್ ಇಲ್ಲ, ಕೈಗಡದ ಬಡ್ಡಿ ಮಾತ್ರ ತಿಂಗಳಿಗೆ ನೂರಕ್ಕೆ ಎರಡರಂತೆ ಓಡುತ್ತಿತ್ತು. ಮನೆ ಕಟ್ಟುವವರು ಜಾಗ ಒಂದು ಅಡಿಯೂ ಸರಿಸುವ ಮುಂಚೆ ಪಂಚಾಯಿತಿಯ ಪಿಡಿಒ ಅವರಿಗೆ ಬರೆದುಕೊಡಿ.

ಉಳಿತಾಯ ಆದದ್ದು ಹಳೆ ಮನೆಯಿಂದಲೇ. ಬುಡದ ಕಲ್ಲು ಎಲ್ಲ ತಳಪಾಯಕ್ಕೆ ಹೋಯಿತು. ಬೇವಿನ ತೊಲೆಗಳನ್ನು ಒಬ್ಬ ವ್ಯಾಪಾರಿ 9,000ಕ್ಕೆ ಕೇಳಿದ್ದ, ಕೊಡಲಿಲ್ಲ. ಕೊಯ್ಸಿ ಬಾಗಿಲು, ಕಿಟಕಿಯ ಚೌಕಟ್ಟು ಮಾಡಿಸಿದೆ. ಏನಿಲ್ಲ ಅಂದರೂ 35,000 ಉಳಿಯಿತು. ಒಟ್ಟು ಖರ್ಚು 6 ಲಕ್ಷದ 80 ಸಾವಿರದ ಆಸುಪಾಸು. 2021ರ ಸಂಕ್ರಾಂತಿಗೆ ಒಳಗೆ ಬಂದೆವು.

ಆಮೇಲೆ ನಮ್ಮ ಓಣಿಯಲ್ಲಿ ನಾಲ್ಕು ಮನೆಗೆ ನಾನೇ ಹೋಗಿ ಪಟ್ಟಿ ಹಚ್ಚಿಕೊಟ್ಟೆ. ಮೂರು ಮನೆ ಬಿ ಆದವು. ಒಂದರಲ್ಲಿ ಪಟ್ಟಿ ಸೀಳಲೇ ಇಲ್ಲ. ಆ ಮನೆಯವರು ಧೈರ್ಯವಾಗಿ ಒಳಗೆ ಮಲಗುತ್ತಿದ್ದಾರೆ. ನಮ್ಮ ಸಾಲ ಇನ್ನೂ 60,000 ಚಿಲ್ಲರೆ ಇದೆ, ಈ ವರ್ಷದ ಕಡಲೆ ಬಂದರೆ ಅರ್ಧ ತೀರುತ್ತದೆ.