ವಾಲ್ಯೂಮ್‌ನಿಂದ ವಿಎಂ ಬೂಟ್ ಆಗದಿದ್ದಾಗ

ಓಪನ್‌ಸ್ಟ್ಯಾಕ್ ಎಂಬ ಕ್ಲೌಡ್ ತಂತ್ರಾಂಶದಲ್ಲಿ, ಅದರ ಡಿಸ್ಕ್ ಸೇವೆಯಾದ ಸಿಂಡರ್ ಕೊಡುವ ವಾಲ್ಯೂಮ್‌ನಿಂದ (ವರ್ಚುವಲ್ ಡಿಸ್ಕ್) ವಿಎಂ (ವರ್ಚುವಲ್ ಮೆಷಿನ್) ಶುರು ಮಾಡಿದೆ. ಸ್ಟೇಟಸ್ ಆಕ್ಟಿವ್, ಆದರೆ ಕನ್ಸೋಲ್‌ನಲ್ಲಿ 'ನೋ ಬೂಟಬಲ್ ಡಿವೈಸ್'.

ದೊಡ್ಡ ಫ್ಲೇವರ್ (ವಿಎಂನ ಸಿಪಿಯು, ಮೆಮೊರಿ ಅಳತೆ) ಕೊಟ್ಟೆ, ವಿಎಂ ಅಳಿಸಿ ಮತ್ತೆ ಮಾಡಿದೆ, ವಾಲ್ಯೂಮ್‌ಗೆ ಬೂಟಬಲ್ ಗುರುತು ಹಾಕಿದೆ. ಊಹೂಂ. ಆ ಗುರುತು ಬರೀ ಹಣೆಪಟ್ಟಿ, ಒಳಗೆ ಓಎಸ್ ಇದೆಯಾ ಅಂತ ನೋಡುವುದಿಲ್ಲ.

ಅಸಲಿ ತಪ್ಪು ಬೇರೆ: ಓಎಸ್ ಇರುವ ಕ್ಯೂಕೌ2 (qcow2) ಇಮೇಜ್ ಫೈಲನ್ನು ನಾನು ಡಿಡಿ (dd) ಎಂಬ ನಕಲು ಕಮಾಂಡ್‌ನಿಂದ ಹಾಗೇ ಆ ವಾಲ್ಯೂಮ್‌ಗೆ ಸುರಿದಿದ್ದೆ. ಕ್ಯೂಕೌ2 ತನ್ನದೇ ವಿನ್ಯಾಸದ ಫೈಲ್, ಡಿಸ್ಕ್‌ನ ನೇರ ಪ್ರತಿಯಲ್ಲ. ಹಾಗಾಗಿ ವಿಎಂ ಶುರುಮಾಡುವ ಬಯೋಸ್‌ಗೆ ಬೂಟ್ ಸೆಕ್ಟರ್ (ಡಿಸ್ಕ್‌ನ ಮೊದಲಲ್ಲಿರುವ ಬೂಟ್ ಕೋಡ್) ಸಿಗುತ್ತಿರಲಿಲ್ಲ.

ಸರಿಪಡಿಸಲು, ವಾಲ್ಯೂಮನ್ನು ಇಮೇಜ್ ಫೈಲ್ ಇರುವ ಇನ್ನೊಂದು ವಿಎಂಗೆ ಜೋಡಿಸಿ. ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ (lsblk) ಕಮಾಂಡ್‌ನಲ್ಲಿ ಡಿಸ್ಕ್ ಹೆಸರು ಎರಡು ಸಲ ನೋಡಿಕೊಳ್ಳಿ, ತಪ್ಪಿದರೆ ಬೇರೆ ಡಿಸ್ಕ್ ಹೋಯ್ತು. ಇಮೇಜಿನ ರೂಪ ಬದಲಿಸುವ qemu-img convert ಕಮಾಂಡ್‌ಗೆ ದೊಡ್ಡಕ್ಷರದ ಓ (-O) ಆಯ್ಕೆಯಲ್ಲಿ 'ರಾ' (raw, ಡಿಸ್ಕ್‌ನ ನೇರ ಪ್ರತಿ) ಕೊಟ್ಟು, ಕ್ಯೂಕೌ2 ಇಮೇಜನ್ನು ನೇರ ಆ ಡಿಸ್ಕ್‌ಗೇ ಬರೆಯಿರಿ. ಆಮೇಲೆ ಸಿಂಕ್ (ಬರೆದದ್ದು ಡಿಸ್ಕ್ ಸೇರಲಿ ಅಂತ), ವಾಲ್ಯೂಮ್ ಡಿಟ್ಯಾಚ್, ಬೂಟಬಲ್ ಗುರುತು. ಕೊನೆಗೆ ಇಮೇಜ್ ಬದಲು ವಾಲ್ಯೂಮ್ ಆರಿಸಿ ವಿಎಂ ಮಾಡಿ.

ಇಮೇಜ್ ಗ್ಲಾನ್ಸ್‌ನಲ್ಲೇ (ಓಪನ್‌ಸ್ಟ್ಯಾಕ್‌ನ ಇಮೇಜ್ ಸಂಗ್ರಹ) ಇದ್ದರೆ ಇಷ್ಟೆಲ್ಲ ಬೇಡ. ಅದರಿಂದಲೇ ವಾಲ್ಯೂಮ್ ಮಾಡಿದರೆ ಪರಿವರ್ತನೆ, ಗುರುತು ಎರಡನ್ನೂ ಸಿಂಡರೇ ನೋಡಿಕೊಳ್ಳುತ್ತದೆ.