ಮೊದಲ ಹಲ್ಲು ಇಣುಕಿದ ದಿನವೇ ಬ್ರಷ್ ಹಿಡಿಯಿರಿ

ಮಗು ಒಂದೇ ಸಮ ಜೊಲ್ಲು ಸುರಿಸುತ್ತಿದೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತಿದೆ. ಹಗಲೆಲ್ಲ ರಚ್ಚೆ. ಕೈ ತೊಳೆದುಕೊಂಡು, ಕೆಳಗಿನ ವಸಡಿನ ಮುಂದಿನ ಭಾಗವನ್ನು ಬೆರಳಲ್ಲಿ ಸವರಿ ನೋಡಿ. ಉಗುರಿನ ಅಂಚಿನಂತೆ ಏನೋ ಗಟ್ಟಿಯಾಗಿ ತಾಕಿತಾ? ಹಲ್ಲು ಬರುತ್ತಿದೆ. ಹೆಚ್ಚಿನ ಮಕ್ಕಳಿಗೆ ಸುಮಾರು 6 ತಿಂಗಳಿಗೆ ಬರುತ್ತದೆ. ಕೆಲವಕ್ಕೆ 4ಕ್ಕೇ, ಇನ್ನು ಕೆಲವಕ್ಕೆ ವರ್ಷ ತುಂಬುವಾಗ. ತಡವಾಯಿತೆಂದು ಗಾಬರಿ ಬೇಡ.

ನೋವಿಗೆ ಏನು ಮಾಡಬೇಕು?

ಅದೇ ಬೆರಳಿನಿಂದ ವಸಡನ್ನು ಮೆಲ್ಲಗೆ ಒತ್ತಿ ಉಜ್ಜಿ. ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿದ ಟೀಥರ್ (ಮಗು ಕಚ್ಚುವ ಆಟಿಕೆ) ಅಥವಾ ಒದ್ದೆ ಬಟ್ಟೆಯನ್ನು ಕಚ್ಚಲು ಕೊಡಿ. ಫ್ರೀಜರ್‌ನಲ್ಲಿ ಇಡಬೇಡಿ, ಕಲ್ಲಿನಂತಾದರೆ ವಸಡಿಗೆ ಪೆಟ್ಟು. ಜೊಲ್ಲನ್ನು ಆಗಾಗ ಒರೆಸದಿದ್ದರೆ ಗಲ್ಲದ ಮೇಲೆ ಕೆಂಪು ಗುಳ್ಳೆ ಏಳುತ್ತವೆ.

ಮರಗಟ್ಟಿಸುವ ಜೆಲ್ ಮಾತ್ರ ಬೇಡವೇ ಬೇಡ. ಬೆಂಜೊಕೇನ್ ಇರುವ ಜೆಲ್‌ನಿಂದ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳಬಹುದು. ಅಪರೂಪ ನಿಜ, ಆದರೆ ಜೀವಕ್ಕೇ ಅಪಾಯ. ಹಲ್ಲು ಬರುವಾಗ ಮಗುವಿಗೆ ಹಾಕುವ ಮಣಿಗಳ ಟೀಥಿಂಗ್ ಸರವೂ ಬೇಡ. ಕುತ್ತಿಗೆಗೆ ಬಿಗಿಯಬಹುದು, ಮಣಿ ಗಂಟಲಿಗೆ ಸಿಕ್ಕಬಹುದು.

ಒಂದು ಮಾತು ದಯವಿಟ್ಟು ನೆನಪಿಡಿ. 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಜಾಸ್ತಿ ಜ್ವರ, ಭೇದಿ, ವಾಂತಿ, ಇವು ಹಲ್ಲಿನಿಂದ ಬರುವುದಿಲ್ಲ. ‘ಹಲ್ಲು ಬರ್ತಿದೆ, ಅದಕ್ಕೇ’ ಎಂದು ಸುಮ್ನೆ ಕೂತರೆ ಬೇರೆ ಕಾಯಿಲೆ ಕಣ್ತಪ್ಪಿ ಹೋಗುತ್ತದೆ. ವೈದ್ಯರಿಗೆ ತೋರಿಸಿ.

ಬ್ರಷ್ ಮಾಡುವುದು ಹೀಗೆ

ಹಲ್ಲು ಬರುವ ಮುಂಚೆ ಒದ್ದೆ ಬಟ್ಟೆಯಲ್ಲಿ ವಸಡು ಒರೆಸಿದರೆ ಸಾಕು. ಹಲ್ಲು ಕಂಡ ದಿನದಿಂದ ಮೆತ್ತನೆಯ ಪುಟ್ಟ ಬ್ರಷ್ ಬೇಕು. ಫ್ಲೋರೈಡ್ ಪೇಸ್ಟ್ ಒಂದು ಅಕ್ಕಿಕಾಳಿನಷ್ಟು, 3 ವರ್ಷದವರೆಗೂ ಅಷ್ಟೇ. ಆಮೇಲೆ ಬಟಾಣಿ ಕಾಳಿನಷ್ಟು.

ಮಗುವಿನ ತಲೆ ನಿಮ್ಮ ತೊಡೆಯ ಮೇಲಿರುವಂತೆ ಮಲಗಿಸಿಕೊಳ್ಳಿ. ಒಂದು ಬೆರಳಿನಿಂದ ಮೇಲ್ದುಟಿ ಎತ್ತಿ. ಹಲ್ಲು ವಸಡಿಗೆ ಸೇರುವ ಕಡೆ ಬ್ರಷ್ ಇಟ್ಟು ಚಿಕ್ಕ ಚಿಕ್ಕ ಸುತ್ತು ಉಜ್ಜಿ. ಕೊಸರಾಡುತ್ತದೆ, ಅಳುತ್ತದೆ. ಬಾಯಿ ತೆರೆದಾಗಲೇ ಒಳಗಿನ ಬದಿ ಮುಗಿಸಿಬಿಡಿ! ದಿನಕ್ಕೆ 2 ಸಲ, ರಾತ್ರಿಯದಂತೂ ತಪ್ಪಲೇಬಾರದು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಲ್ಲಿಗಂಟಿದ ಹಾಲು ಹಾಗೇ ಉಳಿಯುತ್ತದೆ. ಅದಕ್ಕೇ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವುದು ಬೇಡ.

ತುಟಿ ಎತ್ತಿದಾಗ ವಸಡಿನಂಚಿನ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಶುರು. ಆಗಲೇ ದಂತವೈದ್ಯರ ಬಳಿ ಹೋದರೆ ತಡೆಯಬಹುದು. ಗೆರೆ ಇಲ್ಲದಿದ್ದರೂ ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ತೋರಿಸಿ.

ಹಾಲುಹಲ್ಲು ಹೇಗೂ ಬೀಳುತ್ತದಲ್ವಾ ಎನ್ನುವವರಿದ್ದಾರೆ. ಆ 20 ಹಲ್ಲುಗಳೇ ಆಮೇಲೆ ಬರುವ ಶಾಶ್ವತ ಹಲ್ಲುಗಳಿಗೆ ಜಾಗ ಕಾಯುವುದು. ಹಿಂದಿನ ದವಡೆಯವು ಉದುರುವುದು 10–12 ವರ್ಷಕ್ಕೆ. ಅಲ್ಲಿಯವರೆಗೆ ಮಗು ಅಗಿಯಬೇಕಾದದ್ದು ಅವುಗಳಿಂದಲೇ.